ಕಥೆ ಗೇಮ್ ಪ್ರಾಜೆಕ್ಟ್ ಅಪ್‌ಡೇಟ್: ಸೋತಾಗ ಗೇಮ್ ಏನ್ ಹೇಳುತ್ತೆ

ಬರವಣಿಗೆ ಚೆನ್ನಾಗಿದೆ ಅಂತ ಹೆಸರು ಮಾಡಿರೋ ಗೇಮ್‌ಗಳನ್ನ ಒಂದೊಂದಾಗಿ ಮುಗಿಸ್ತಾ ನೋಟ್ಸ್ ಮಾಡ್ಕೊಳ್ಳೋ ಪ್ರಾಜೆಕ್ಟ್ ನಡೀತಾ ಇದೆ, ಜೊತೆಗೆ ಇಂಕ್ ಅನ್ನೋ ಸ್ಕ್ರಿಪ್ಟ್ ಭಾಷೇಲಿ ನನ್ನದೇ ಒಂದು ಚಿಕ್ಕ ಟೆಕ್ಸ್ಟ್ ಗೇಮ್ ಕೂಡ ಬರೀತಾ ಇದೀನಿ. ಈ ಸಲ ಡಿಸ್ಕೋ ಎಲಿಸಿಯಂ ಇನ್ನೊಂದು ರೌಂಡ್ ಮುಗೀತು, ಪೆಂಟಿಮೆಂಟ್ ಮುಗೀತು, ಹೇಡಿಸ್‌ನಲ್ಲಿ ಕ್ರೆಡಿಟ್ಸ್ ನೋಡಾಯ್ತು, ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಇನ್ನೂ ಅರ್ಧ ದಾರೀಲಿದೆ. ಸ್ಪಾಯ್ಲರ್ ಇರುತ್ತೆ, ಅದ್ರಲ್ಲೂ ಪೆಂಟಿಮೆಂಟ್ ಆಡ್ಬೇಕು ಅಂತಿರೋರು ಆ ಭಾಗ ಬಿಟ್ಟು ಮುಂದೆ ಹೋಗಿ, ಆ ಗೇಮನ್ನ ಏನೂ ಗೊತ್ತಿಲ್ದೆ ಆಡೋದೇ ಚೆಂದ.

ಈಗ ನೋಟ್ಸ್‌ನಲ್ಲಿ ಪ್ರತಿ ಗೇಮ್‌ಗೂ ಮೊದ್ಲು ಕೇಳೋ ಪ್ರಶ್ನೆ ಒಂದೇ: ಆಡೋನು ಸೋತಾಗ, ಸತ್ತಾಗ, ಎಡವಟ್ಟು ಮಾಡ್ಕೊಂಡಾಗ ಇವ್ರು ಏನ್ ಬರ್ದಿದಾರೆ? ಹೀರೋ ಗೆಲ್ಲೋ ಸೀನ್ ಚೆನ್ನಾಗಿ ಬರೆಯೋದು ಸಿನಿಮಾದವ್ರಿಗೂ ಗೊತ್ತು, ಕಾದಂಬರಿ ಬರೆಯೋರಿಗೂ ಗೊತ್ತು. ಆದ್ರೆ ಗೇಮ್‌ನಲ್ಲಿ ಮಾತ್ರ ಕಥೆಯೊಳಗಿರೋನು ನಿಜವಾಗ್ಲೂ ಸೋಲಬಹುದು, ಹಂಗೆ ಸೋತ ತಕ್ಷಣ ಒಂದು ಕಪ್ಪು ಸ್ಕ್ರೀನ್ ಬಂದು ಹಿಂದೆ ಸೇವ್ ಮಾಡಿಟ್ಟಿದ್ದ ಜಾಗದಿಂದ ಆಟ ಮತ್ತೆ ಲೋಡ್ ಆಗಿಬಿಟ್ರೆ ಆ ಐದು ನಿಮಿಷ ನಡೆದಿದ್ದು ಕಥೇಲಿ ಎಲ್ಲೂ ಇಲ್ಲ, ಅದು ಯಾರಿಗೂ ಆಗೇ ಇಲ್ಲ. ಎಷ್ಟು ಒಳ್ಳೆ ಡೈಲಾಗ್ ಇದ್ರೂ ಆ ಜಾಗದಲ್ಲಿ ಬರೆಯೋರು ಪೆನ್ ಕೆಳಗಿಟ್ಟಿದಾರೆ ಅಂತಾನೇ ಅರ್ಥ.

ಡಿಸ್ಕೋ ಎಲಿಸಿಯಂ

2019ರಲ್ಲಿ ಬಂದಿದ್ದು, ಎಸ್ಟೋನಿಯಾದ ಝಾ-ಉಮ್ ತಂಡದ್ದು, ಮುಖ್ಯ ಬರಹಗಾರ ರಾಬರ್ಟ್ ಕುರ್ವಿಟ್ಜ್. 10 ಲಕ್ಷಕ್ಕೂ ಹೆಚ್ಚು ಪದ ಇದೆ ಇದ್ರಲ್ಲಿ, ಬೇರೆ ಆರ್‌ಪಿಜಿ (ಒಂದು ಪಾತ್ರ ಬೆಳೆಸ್ತಾ ಆಡೋ ರೋಲ್ ಪ್ಲೇಯಿಂಗ್ ಗೇಮ್) ಥರ ಫೈಟ್ ಸಿಸ್ಟಮ್ ಅಂತ ಒಂದಿಲ್ಲ, ಇರೋದೆಲ್ಲ ಮಾತು. ನೆನಪೆಲ್ಲ ಕಳ್ಕೊಂಡ ಒಬ್ಬ ಪೊಲೀಸ್ ಡಿಟೆಕ್ಟಿವ್ ಹಾಸ್ಟೆಲ್ ರೂಮಲ್ಲಿ ಕಣ್ಣು ಬಿಡ್ತಾನೆ, ಹಿತ್ತಲಲ್ಲಿ ಮರಕ್ಕೆ ಒಂದು ಹೆಣ ನೇತಾಡ್ತಾ ಇದೆ, ಕೇಸ್ ಇವನದ್ದೇ. ಇವನ ತಲೆಯೊಳಗೆ 24 ಸ್ಕಿಲ್‌ಗಳು, ಒಂದೊಂದಕ್ಕೂ ಬೇರೆ ಬೇರೆ ದನಿ, ಬೇರೆ ಬೇರೆ ಸ್ವಭಾವ. ಎನ್ಸೈಕ್ಲೋಪೀಡಿಯಾ ಕೇಳದೇ ಇದ್ರೂ ಮಾಹಿತಿ ಸುರಿಯುತ್ತೆ, ಎಲೆಕ್ಟ್ರೋಕೆಮಿಸ್ಟ್ರಿಗೆ ಯಾವಾಗ್ಲೂ ಕುಡಿತ, ಸಿಗರೇಟಿನದ್ದೇ ಧ್ಯಾನ, ಎಂಪಥಿ ಎದುರಿಗಿರೋರ ನೋವನ್ನ ಪಿಸುಗುಟ್ಟುತ್ತೆ. 2021ರಲ್ಲಿ ಬಂದ ಇದರ ಹೊಸ ಆವೃತ್ತಿ ಫೈನಲ್ ಕಟ್‌ನಲ್ಲಿ ಈ ಸ್ಕಿಲ್‌ಗಳ ಮಾತನ್ನೆಲ್ಲ ಲೆನ್ವಾಲ್ ಬ್ರೌನ್ ದನಿಯಲ್ಲಿ ಕೇಳಬಹುದು, ಹೆಡ್‌ಫೋನ್ ಹಾಕ್ಕೊಂಡೇ ಆಡಿ.

ಈ ಸಲ ಹೋದಾಗ ಒಂದು ನಿಯಮ ಇಟ್ಕೊಂಡಿದ್ದೆ, ಚೆಕ್ ಫೇಲ್ ಆದ್ರೆ ಲೋಡ್ ಮಾಡ್ಬಾರ್ದು ಅಂತ. ಚೆಕ್ ಅಂದ್ರೆ ಎರಡು ದಾಳ ಉರುಳುತ್ತೆ, ಅದಕ್ಕೆ ಸ್ಕಿಲ್ ಪಾಯಿಂಟ್ ಸೇರುತ್ತೆ. ಬಿಳಿ ಚೆಕ್ ಆದ್ರೆ ಆ ಸ್ಕಿಲ್ ಬೆಳೆಸ್ಕೊಂಡು ಮತ್ತೆ ಬರಬಹುದು, ಕೆಂಪು ಚೆಕ್ ಆದ್ರೆ ಇರೋದು ಒಂದೇ ಅವಕಾಶ. ಶುರೂನಲ್ಲೇ ಹಾಸ್ಟೆಲ್ ಮ್ಯಾನೇಜರ್ 130 ರಿಯಾಲ್ ಕೊಡಿ ಅಂತ ಹಿಡ್ಕೋತಾನೆ, ರೂಮ್ ಬಾಡಿಗೆ, ಒಡೆದು ಹಾಕಿರೋ ಸಾಮಾನು ಎಲ್ಲಾ ಸೇರಿ. ಕೊಡಕ್ಕೆ ಇವನತ್ರ ದುಡ್ಡಿಲ್ಲ, ಓಡಿಹೋಗೋ ಆಯ್ಕೆ ಇದೆ, ಆರಿಸ್ಕೊಂಡೆ, ಫೇಲ್ ಆಯ್ತು. ಆಮೇಲೆ ಬರೋದು ಗೆದ್ರೆ ಸಿಗೋದಕ್ಕಿಂತ ಸೊಗಸಾದ ಭಾಗ: ಈತ ಓಡ್ತಾ ಓಡ್ತಾ ತಿರುಗಿ ಮ್ಯಾನೇಜರ್‌ಗೆ ಎರಡೂ ಕೈಯಲ್ಲಿ ಬೆರಳು ತೋರಿಸಕ್ಕೆ ಹೋಗಿ, ಗಾಳೀಲಿ ಹಾರಿ, ವೀಲ್‌ಚೇರಲ್ಲಿ ಕೂತಿರೋ ವಯಸ್ಸಾದ ಹೆಂಗಸಿಗೆ ಹೋಗಿ ಗುದ್ದುತ್ತಾನೆ. ಇದನ್ನ ಒಂದು ಸಾಲಲ್ಲಿ ಮುಗಿಸಬಹುದಿತ್ತು, ಆದ್ರೆ ಅವ್ರು ಆ ಜಿಗಿತಾನ ಹಂತ ಹಂತವಾಗಿ ಬರ್ದಿದಾರೆ, ಗಾಳೀಲಿರುವಾಗ್ಲೇ ತಲೆಯೊಳಗಿನ ದನಿಗಳು ಮಾತಾಡ್ತಿರುತ್ವೆ, ಬೀಳೋದು ಗ್ಯಾರಂಟಿ ಅಂತ ನಮಗೂ ಗೊತ್ತು ಅವನಿಗೂ ಗೊತ್ತು. ಆ ಒಂದು ಸೋಲಲ್ಲಿ ಈ ಮನುಷ್ಯ ಎಂಥೋನು ಅಂತ ತಿಳಿದಷ್ಟು ಪರಿಚಯ ಹತ್ತು ಪುಟದ ಹಿನ್ನೆಲೆ ಓದಿದ್ರೂ ಸಿಗಲ್ಲ.

ಹೆಣದ ಹತ್ರ ಹೋದಾಗ್ಲೂ ಹಂಗೇ. ವಾಸನೆ ತಡ್ಕೊಳ್ಳೋಕಾಗ್ದೆ ವಾಂತಿ ಮಾಡ್ಕೋತಾನೆ, ಪಕ್ಕದಲ್ಲಿ ಕಿಮ್ ಕಿಟ್ಸುರಾಗಿ ನಿಂತಿರ್ತಾನೆ, ಜೊತೆಗಿರೋ ಇನ್ನೊಬ್ಬ ಆಫೀಸರ್. ಕಿಮ್ ಬೈಯಲ್ಲ, ಸಮಾಧಾನಾನೂ ಜಾಸ್ತಿ ಮಾಡಲ್ಲ, ಕೆಲಸ ಮುಂದುವರಿಸೋಣ ಅನ್ನೋ ಭಾವದಲ್ಲಿ ಕಾಯ್ತಾನೆ. ಕಿಮ್ ಮೇಲೆ ಎಲ್ರಿಗೂ ಯಾಕಷ್ಟು ಪ್ರೀತಿ ಅನ್ನೋದಕ್ಕೆ ನನ್ನ ನೋಟ್ಸ್‌ನಲ್ಲಿರೋ ಉತ್ತರ ಇದು: ನಾವು ಸೋಲ್ತಾ ಇರುವಾಗ ಪಕ್ಕದಲ್ಲಿ ಇದ್ದೋನು ಅವನು, ಲೋಡ್ ಮಾಡ್ತಾ ಆಡಿದ್ರೆ ಆ ಕಿಮ್ ನಿಮಗೆ ಸಿಗೋದೇ ಇಲ್ಲ.

ಇನ್ನೊಂದು ವಿಷ್ಯ, ಸ್ಕಿಲ್ ಜಾಸ್ತಿ ಇದ್ರೆ ಒಳ್ಳೇದೇ ಅಂತಾನೂ ಇಲ್ಲ. ಒಬ್ಬ ಸಾಕ್ಷಿಯ ವಿಚಾರಣೆ ಹೊತ್ತಲ್ಲಿ ವೊಲಿಶನ್ (ಮನಸ್ಸಿನ ಹಿಡಿತದ ಸ್ಕಿಲ್) ಮಧ್ಯೆ ಬಂದು, ಉಳಿದ ದನಿಗಳೆಲ್ಲ ಅವಳ ಮೋಡಿಗೆ ಬಿದ್ದಿವೆ, ಇವುಗಳ ಮಾತು ನಂಬಬೇಡ ಅನ್ನೋ ಥರ ಎಚ್ಚರಿಸುತ್ತೆ. ಅಲ್ಲೀವರೆಗೂ ಗೇಮ್‌ನ ಇಂಟರ್‌ಫೇಸ್ ಅನ್ಕೊಂಡು ನಂಬಿದ್ದ ದನಿಗಳು ಆ ಕ್ಷಣ ಪಾತ್ರಗಳಾಗಿಬಿಡ್ತಾವೆ. ಆಟದ ಮಾಹಿತೀನೇ ನಮಗೆ ಸುಳ್ಳು ಹೇಳಬಹುದು ಅನ್ನೋದನ್ನ ಇಷ್ಟು ಚೆನ್ನಾಗಿ ಬಳಸಿರೋದನ್ನ ನಾನು ಬೇರೆ ಎಲ್ಲೂ ನೋಡಿಲ್ಲ.

ಹೇಡಿಸ್, ಟಾರ್ಮೆಂಟ್, ಸಾವು

ಹೇಡಿಸ್ ಪೂರ್ತಿಯಾಗಿ ಬಂದಿದ್ದು 2020ರಲ್ಲಿ, ಸೂಪರ್‌ಜಯಂಟ್ ಅವರದ್ದು, ಬರವಣಿಗೆ ಗ್ರೆಗ್ ಕಸಾವಿನ್. ಪಾತಾಳದ ದೊರೆಯ ಮಗ ಝಾಗ್ರಿಯಸ್ ಮನೆ ಬಿಟ್ಟು ಓಡಿಹೋಗಕ್ಕೆ ನೋಡ್ತಾನೆ, ಸಾಯ್ತಾನೆ, ರಕ್ತದ ಕೊಳದಿಂದ ಎದ್ದು ಮತ್ತೆ ಅದೇ ಮನೆಗೆ ಬರ್ತಾನೆ. ಬಾಗಿಲಲ್ಲೇ ನಿದ್ರೆಯ ದೇವರು ಹಿಪ್ನೋಸ್ ಲಿಸ್ಟ್ ಹಿಡ್ಕೊಂಡು ನಿಂತಿರ್ತಾನೆ, ಈ ಸಲ ಯಾರು ಕೊಂದ್ರು ಅಂತ ನೋಡಿ ಅದಕ್ಕೆ ತಕ್ಕ ಹಾಗೆ ಮಾತಾಡ್ತಾನೆ. ಆಕ್ಷನ್ ಗೇಮ್‌ನಲ್ಲಿ ಸತ್ರೆ ಸಿಟ್ಟು ಬರುತ್ತೆ, ಇಲ್ಲಿ ಸತ್ರೆ ಸರಿ ಬಿಡು, ಮನೇಲಿರೋ ಅಕಿಲೀಸ್ ಏನಂತಾನೆ, ನಿಕ್ಸ್ ಏನಂತಾಳೆ ಕೇಳೋಣ ಅನ್ಸುತ್ತೆ, ಅಂದ್ರೆ ಕಥೆಯ ಅರ್ಧ ಭಾಗಾನ ಸೋತೋರಿಗೆ ಅಂತಾನೇ ಎತ್ತಿಟ್ಟಿದಾರೆ. ಗೆದ್ದು ಮೇಲಕ್ಕೆ ಹೋದ್ರೂ ಅವನು ಅಲ್ಲಿ ಉಳಿಯಕ್ಕಾಗಲ್ಲ, ಕ್ರೆಡಿಟ್ಸ್ ನೋಡ್ಬೇಕು ಅಂದ್ರೆ 10 ಸಲ ತಪ್ಪಿಸ್ಕೊಂಡು ಹೋಗ್ಬೇಕು, ಹಾಗಾಗಿ ಗೆಲುವು ಕೂಡ ಮನೆಗೆ ವಾಪಸ್ ಬರೋ ಇನ್ನೊಂದು ದಾರಿ ಅಷ್ಟೇ. ಸೈನ್ಸ್ ಫಿಕ್ಷನ್, ಫ್ಯಾಂಟಸಿ ಬರವಣಿಗೆಗೆ ಕೊಡೋ 2020ರ ನೆಬ್ಯುಲಾದಲ್ಲಿ ಗೇಮ್ ಬರವಣಿಗೆ ಪ್ರಶಸ್ತಿ ಇದಕ್ಕೇ ಬಂದಿದ್ದು, ನ್ಯಾಯವಾಗೇ ಬಂದಿದೆ.

ಇದೇ ಯೋಚನೆ 1999ರಲ್ಲೇ ಪ್ಲೇನ್‌ಸ್ಕೇಪ್ ಟಾರ್ಮೆಂಟ್ ಮಾಡಿತ್ತು, ಇನ್ನೂ ಕತ್ತಲೆಯ ಕಡೆಯಿಂದ. ಹೆಸರೇ ಇಲ್ಲದ ಒಬ್ಬ ಶವಾಗಾರದಲ್ಲಿ ಏಳ್ತಾನೆ, ಮಾರ್ಟೆ ಅನ್ನೋ ತೇಲಾಡೋ ತಲೆಬುರುಡೆ ಅವನ ಬೆನ್ನ ಮೇಲಿರೋ ಹಚ್ಚೆಯನ್ನ ಓದಿ ಹೇಳುತ್ತೆ. ಇವನು ಸತ್ರೂ ಮತ್ತೆ ಏಳ್ತಾನೆ, ಸಾಯಕ್ಕಾಗದೇ ಇರೋದೇ ಇಲ್ಲಿ ಸಮಸ್ಯೆ, ಹಿಂದಿನ ಜೀವನಗಳಲ್ಲಿ ತಾನೇ ಮಾಡಿರೋ ಕೆಲಸಗಳ ಸಾಲ ಈಗ ತೀರಿಸ್ಬೇಕು. ಫೈಟ್ ಮಾತ್ರ ಈಗಿನವರಿಗೆ ಒಗ್ಗೋದು ಕಷ್ಟ, ಮುಚ್ಚುಮರೆ ಏನಿಲ್ಲ. ಪಾತ್ರದ ಗುಣಗಳಲ್ಲಿ ವಿಸ್ಡಮ್, ಇಂಟೆಲಿಜೆನ್ಸ್ ಜಾಸ್ತಿ ಇಟ್ಕೊಂಡು ಹೋಗಿ, ಮಾತಲ್ಲೇ ತುಂಬಾ ದೂರ ಹೋಗಬಹುದು, ಹಳೇ ನೆನಪುಗಳೂ ಆಗ್ಲೇ ಬಿಚ್ಕೊಳ್ಳೋದು. ಮುಗಿದ ಮೇಲೆ ಇದಕ್ಕೆ ಪ್ರತ್ಯೇಕವಾಗಿ ಬರೀತೀನಿ.

ಪೆಂಟಿಮೆಂಟ್

ಈ ಅಪ್‌ಡೇಟ್‌ನಲ್ಲಿ ನನ್ನನ್ನ ಜಾಸ್ತಿ ಹಿಡಿದಿಟ್ಟಿದ್ದು ಇದು. 2022, ಅಬ್ಸಿಡಿಯನ್, ನಿರ್ದೇಶನ ಜಾಶ್ ಸಾಯರ್. 16ನೇ ಶತಮಾನದ ಬವೇರಿಯಾ, ಟಾಸಿಂಗ್ ಅನ್ನೋ ಕಾಲ್ಪನಿಕ ಊರು, ಮಠದಲ್ಲಿ ಹಸ್ತಪ್ರತಿಗಳಿಗೆ ಚಿತ್ರ ಬರೆಯೋ ಆಂಡ್ರಿಯಾಸ್ ಮಾಲರ್ ನಾವು. ಮಾತೆಲ್ಲ ಬರಹದಲ್ಲೇ ಬರೋದು, ವಾಯ್ಸ್ ಆಕ್ಟಿಂಗ್ ಇಲ್ಲ, ಬದಲಿಗೆ ಅಕ್ಷರಕ್ಕೇ ವ್ಯಕ್ತಿತ್ವ ಇದೆ: ಸನ್ಯಾಸಿಯ ಮಾತು ಹಳೇ ಹಸ್ತಪ್ರತಿಯ ಲಿಪೀಲಿ ಮೂಡುತ್ತೆ, ರೈತರದ್ದು ಒರಟು ಕೈಬರಹ, ಪ್ರಿಂಟ್ ಮಾಡೋನ ಮಾತು ಅಚ್ಚೊತ್ತಿದ ಸದ್ದಿನ ಜೊತೆ ಬರುತ್ತೆ. ಬರೀತಾ ಬರೀತಾ ಅಕ್ಷರ ತಪ್ಪಾಗುತ್ತೆ, ಕೆರೆದು ಮತ್ತೆ ಬರೆಯುತ್ತೆ.

1518ರಲ್ಲಿ ಒಬ್ಬ ಬ್ಯಾರನ್ (ಸಾಮಂತ) ಕೊಲೆಯಾಗ್ತಾನೆ, ಆಂಡ್ರಿಯಾಸ್‌ನ ವಯಸ್ಸಾದ ಗುರು ಬ್ರದರ್ ಪಿಯೆರೋ ಮೇಲೆ ಆರೋಪ ಬರುತ್ತೆ. ಆರ್ಚ್‌ಡೀಕನ್ (ಚರ್ಚಿನ ಅಧಿಕಾರಿ) ಬಂದು ವಿಚಾರಣೆ ಮಾಡೋ ಮುಂಚೆ ನಾವು ಸಾಕ್ಷಿ ಹುಡುಕ್ಬೇಕು, ಟೈಮ್ ಸಾಲಲ್ಲ, ಎಲ್ಲರನ್ನೂ ವಿಚಾರಿಸಕ್ಕಾಗಲ್ಲ. ಊಟಕ್ಕೆ ಯಾರ ಮನೇಲಿ ಕೂರ್ತೀಯ ಅನ್ನೋದೇ ಒಂದು ಆಯ್ಕೆ, ಒಂದು ಮನೇಲಿ ಕೂತ್ರೆ ಇನ್ನೊಂದು ಮನೆಯ ಗುಟ್ಟು ನಿಮಗೆ ಗೊತ್ತಾಗಲ್ಲ. ಗಂಡ ಸತ್ತ ಮುದುಕಿ, ಕಲ್ಲುಕುಟಿಗ, ಒಬ್ಬ ಸನ್ಯಾಸಿನಿ, ಮಠದ ಪ್ರಯರ್ (ಮಠದ ಹಿರಿಯ ಸನ್ಯಾಸಿ), ಎಲ್ಲರಿಗೂ ಕೊಲ್ಲಕ್ಕೆ ಕಾರಣ ಇದೆ. ಕೊನೆಗೆ ಯಾರದ್ದಾದ್ರೂ ಹೆಸರು ಹೇಳ್ಬೇಕು, ಅವರನ್ನ ಊರವರೆಲ್ಲರ ಎದುರಿಗೆ ಕೊಲ್ತಾರೆ. ನಾನು ಹೇಳಿದ್ದು ಸರೀನಾ? ಗೇಮ್ ಯಾವತ್ತೂ ಹೇಳಲ್ಲ. ಕೊನೆವರೆಗೂ ಹೇಳಲ್ಲ.

ಇಲ್ಲಿ ಸೋಲು ಅಂತ ಯಾವ ಮೆಸೇಜೂ ಬರಲ್ಲ, ಬರೋದು 1525. ಏಳು ವರ್ಷ ಆದ್ಮೇಲೆ ಅದೇ ಊರಿಗೆ ವಾಪಸ್ ಬಂದಾಗ ಅದೇ ಮೇಜುಗಳಲ್ಲಿ ಊಟಕ್ಕೆ ಕೂರ್ತೀವಿ, ಯಾರಿಲ್ಲ ಅನ್ನೋದು ಕಣ್ಣಿಗೆ ಹೊಡೆಯುತ್ತೆ, ಹೋದೋರ ಮನೆಯವ್ರು ನಮ್ಮನ್ನ ನೋಡೋ ರೀತೀನೇ ಬೇರೆ. ಯಾರನ್ನಾದ್ರೂ ಮಾತಲ್ಲಿ ಒಪ್ಪಿಸೋ ಸಂದರ್ಭಗಳಲ್ಲಿ ದಾಳಾನೂ ಇಲ್ಲ ಇದ್ರಲ್ಲಿ, ಹಿಂದೆ ಆ ಮನುಷ್ಯನ ಜೊತೆ ಏನೇನು ಮಾತಾಡಿದ್ವಿ ಅನ್ನೋದನ್ನ ಕೂಡಿ ಕಳೆದು ತೀರ್ಮಾನ ಆಗುತ್ತೆ. ಡಿಸ್ಕೋದಲ್ಲಿ ಅದೃಷ್ಟಕ್ಕೆ ಬೈಕೋಬಹುದು, ಇಲ್ಲಿ ಬೈಕೊಳ್ಳಕ್ಕೆ ಯಾರೂ ಸಿಗಲ್ಲ. 1543ರ ಮೂರನೇ ಅಂಕದ ಬಗ್ಗೆ ಒಂದಕ್ಷರಾನೂ ಬರೆಯಲ್ಲ, ಆಡಿ.

ವಿಚರ್ 3, ಇನ್ನೊಂದೆರಡು

2015ರ ವಿಚರ್ 3ರಲ್ಲಿ ಬ್ಲಡಿ ಬ್ಯಾರನ್ ಭಾಗ ಮಾತ್ರ ನೋಟ್ಸ್‌ಗೋಸ್ಕರ ಮತ್ತೆ ಆಡ್ದೆ. ಬೆಟ್ಟದ ಮರದಲ್ಲಿ ಸೆರೆಯಾಗಿರೋ ಆತ್ಮವನ್ನ ಬಿಡಬೇಕಾ ಕೊಲ್ಲಬೇಕಾ ಅಂತ ಕೇಳ್ದಾಗ ಅದಕ್ಕೂ ಬ್ಯಾರನ್ ಸಂಸಾರಕ್ಕೂ ಸಂಬಂಧ ಇದೆ ಅಂತ ಸುಳಿವೇ ಸಿಗಲ್ಲ. ಬಿಟ್ರೆ ಅನಾಥ ಮಕ್ಕಳು ಉಳೀತಾರೆ, ಬ್ಯಾರನ್ ಹೆಂಡ್ತಿ ಉಳಿಯಲ್ಲ, ಕೊಂದ್ರೆ ಉಲ್ಟಾ. ಎರಡೂ ಕಡೆ ಕಳ್ಕೊಳ್ಳೋದಿದೆ, ಎರಡನ್ನೂ ಪೂರ್ತಿಯಾಗಿ ಬರ್ದಿದಾರೆ. ಹುಟ್ಟೋ ಮುಂಚೇನೇ ಸತ್ತ ಮಗು ಪಿಶಾಚಿಯಾಗಿ ಬಂದಾಗ ಅದನ್ನ ಹೆಂಡ್ತಿಗೆ ಹೊಡೆದಿದ್ದ ಅದೇ ಬ್ಯಾರನ್ ಎತ್ಕೊಂಡು ಮನೆ ಹೊಸ್ತಿಲವರೆಗೂ ನಡೆದು ಹೆಸರಿಡೋ ದಾರೀನೂ ಇದೆ, ನಾವು ಪಕ್ಕದಲ್ಲಿ ನಡೀಬೇಕು. ಅವನನ್ನ ಕ್ಷಮಿಸು ಅಂತ ಗೇಮ್ ಎಲ್ಲೂ ಒತ್ತಾಯ ಮಾಡಲ್ಲ.

ರಿಟರ್ನ್ ಆಫ್ ದಿ ಓಬ್ರಾ ಡಿನ್, 2018, ಲೂಕಸ್ ಪೋಪ್: ಹಡಗಲ್ಲಿದ್ದ 60 ಜನರ ಗತಿ ಏನಾಯ್ತು ಅಂತ ಪುಸ್ತಕದಲ್ಲಿ ತುಂಬಿಸ್ಬೇಕು, ಮೂರು ಸರಿಯಾದಾಗ ಮಾತ್ರ ಖಚಿತ ಮಾಡುತ್ತೆ, ಹಾಗಾಗಿ ಸುಮ್ನೆ ಊಹೆ ಮಾಡಿ ಗೆಲ್ಲೋದು ಕಷ್ಟ. ಒಂದು ದೃಶ್ಯದಲ್ಲಿ ಹಾಸಿಗೆ ಜೋಲಿಗಳ ಮೇಲಿರೋ ನಂಬರ್ ನೋಡಿ ಆಳು ಯಾರು ಅಂತ ಹಿಡಿಯೋದಿದೆ, ಆ ಖುಷಿ ಅನುಭವಿಸಿದವರಿಗೇ ಗೊತ್ತು. ಔಟರ್ ವೈಲ್ಡ್ಸ್ 2019: 22 ನಿಮಿಷಕ್ಕೊಂದು ಸಲ ಸೂರ್ಯ ಸಿಡಿದು ಎಲ್ಲಾ ಮೊದಲಿಂದ ಶುರು, ಉಳಿಯೋದು ತಿಳ್ಕೊಂಡಿದ್ದು ಮಾತ್ರ. ಎರಡೂ ಮಾತು ಕಮ್ಮಿ ಇರೋ ಗೇಮ್‌ಗಳು, ಆದ್ರೂ ಬರವಣಿಗೆ ಲಿಸ್ಟ್‌ನಿಂದ ಇವನ್ನ ತೆಗೆಯಕ್ಕೆ ನಾನು ಒಪ್ಪಲ್ಲ.

ನನ್ನ ಇಂಕ್ ಗೇಮ್ ಎಲ್ಲೀವರೆಗೆ ಬಂತು

ಇಂಕ್ ಅಂದ್ರೆ ಇಂಕಲ್ ಸ್ಟುಡಿಯೋದವರ ಸ್ಕ್ರಿಪ್ಟ್ ಭಾಷೆ, 2014ರ 80 ಡೇಸ್ ಬರ್ದಿದ್ದು ಇದ್ರಲ್ಲೇ, 2016ರಲ್ಲಿ ಓಪನ್ ಸೋರ್ಸ್ ಮಾಡಿದ್ರು, ಕೋಡಿಂಗ್ ಗೊತ್ತಿಲ್ದಿದ್ರೂ ಒಂದು ಸಂಜೇಲಿ ಶುರು ಮಾಡ್ಕೋಬಹುದು. ಆಡೋನು ಯಾವ ಭಾಗಕ್ಕೆ ಎಷ್ಟು ಸಲ ಬಂದ ಅನ್ನೋದನ್ನ ಅದೇ ಎಣಿಸಿಡುತ್ತೆ, ಒಂದ್ಸಲ ಆರಿಸ್ದ ಆಯ್ಕೆ ನಾವು ಬೇಕು ಅಂತ ಹೇಳದೇ ಇದ್ರೆ ಮತ್ತೆ ಕಾಣ್ಸಲ್ಲ. ಸೋಲನ್ನ ನೆನಪಿಟ್ಕೊಳ್ಳೋ ಕಥೆಗೆ ಇವೆರಡು ಸಾಕು.

ಕಥೆ ಇಷ್ಟೇ: ಬೀಗ ತೆಗೆಯೋನೊಬ್ಬನನ್ನ ಒಂದು ಮನೆಗೆ ಕರೆಸಿದಾರೆ, ಒಂದು ರೂಮಿನ ಬಾಗಿಲು ತೆಗೀಬೇಕು. ಗೆದ್ರೆ ಬಾಗಿಲು ತೆಗೆಯುತ್ತೆ, ದುಡ್ಡು ಸಿಗುತ್ತೆ, ಕಥೆ ಎರಡೇ ನಿಮಿಷದಲ್ಲಿ ಮುಗಿಯುತ್ತೆ. ಕಡ್ಡಿ ಮುರಿದ್ರೆ ಒಳಗಿಂದ ದನಿ ಕೇಳುತ್ತೆ. ಸದ್ಯಕ್ಕೆ ಆ ಜಾಗ ಹೀಗಿದೆ:

"ಬಾಗಿಲು ತೆಗೀಬೇಡಪ್ಪ."
"ಅಮ್ಮಾ, ನಿಮ್ಮ ಮಗನೇ ಕರೆಸಿದ್ದು ನನ್ನನ್ನ."
"ಅದಕ್ಕೇ ಹೇಳ್ತಿರೋದು."

ಇದಾದ್ಮೇಲೆ ಪ್ರತಿ ಸಲ ಬೀಗ ಕೈಕೊಟ್ಟಾಗ ಆ ಅಮ್ಮ ಇನ್ನೊಂದು ವಿಷಯ ಹೇಳ್ತಾರೆ, ಮಗ ಹಜಾರದಿಂದ ಎಷ್ಟೊತ್ತು ಅಂತ ಕೂಗ್ತಾನೆ, ಅವನ ದನಿ ಒಂದೊಂದ್ಸಲಾನೂ ಸ್ವಲ್ಪ ಬದಲಾಗುತ್ತೆ. ಸೋಲಿನ ಕವಲುಗಳನ್ನ ಮೊದ್ಲು ಬರೀತಾ ಇದೀನಿ, ಗೆಲುವಿಂದು ಕೊನೆಗೆ. ಹಿಂಗ್ ಮಾಡಿದ್ರಿಂದ ಒಂದು ಕಷ್ಟ ಎದ್ದಿದೆ, ಸೋಲಲ್ಲೇ ಎಲ್ಲಾ ಚೆನ್ನಾಗಿದ್ರೆ ಆಡೋನು ಬೇಕಂತಲೇ ಸೋಲ್ತಾನೆ, ಆಗ ಅದು ಸೋಲಾಗಿ ಉಳಿಯಲ್ಲ. ಹೇಡಿಸ್‌ನವ್ರು ಇದನ್ನ ಫೈಟ್ ಮಜಾ ಮಾಡಿ ಬಗೆಹರಿಸಿದಾರೆ, ಗೆಲ್ಲಕ್ಕೆ ಕೈ ತಾನಾಗೇ ಹೋಗುತ್ತೆ. ನನ್ನ ಗೇಮ್‌ನಲ್ಲಿ ಬೀಗ ತೆಗೆಯೋ ಕೆಲಸಾನೇ ಅಷ್ಟು ಆಸೆ ಹುಟ್ಟಿಸ್ಬೇಕು, ಒಳಗಿನ ಪಿನ್ ಒಂದೊಂದೇ ಕೂರೋದನ್ನ ಓದಿದ್ರೆ ಬೆರಳಿಗೆ ಗೊತ್ತಾಗೋ ಥರ ಬರೀಬೇಕು. ಅದೇ ಈಗಿನ ಕೆಲಸ.

ಇನ್ನು ನನ್ನ ಪ್ರಶ್ನೆಗೇ ಸಿಗದೇ ಇರೋ ಗೇಮ್‌ಗಳೂ ಇವೆ. 2017ರ ವಾಟ್ ರಿಮೇನ್ಸ್ ಆಫ್ ಈಡಿತ್ ಫಿಂಚ್‌ನಲ್ಲಿ ಸೋಲೋದೇ ಇಲ್ಲ, ಆದ್ರೂ ಲೂಯಿಸ್ ಭಾಗದಲ್ಲಿ ಒಂದು ಕೈ ಮೀನಿನ ತಲೆ ಕತ್ತರಿಸ್ತಾ ಇರುತ್ತೆ, ಇನ್ನೊಂದು ಕೈ ಅವನ ಹಗಲುಗನಸನ್ನ ನಡೆಸ್ತಾ ಇರುತ್ತೆ, ಕನಸು ಸ್ಕ್ರೀನ್ ತುಂಬಾ ಹರಡಿದ್ರೂ ಮೀನು ಕತ್ತರಿಸೋದು ನಿಲ್ಲಲ್ಲ. ಅದನ್ನ ಯಾವ ಕಾಲಂನಲ್ಲಿ ಬರೀಬೇಕು ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಟಾರ್ಮೆಂಟ್ ಆದ್ಮೇಲೆ ಕೆಂಟಕಿ ರೂಟ್ ಝೀರೋ ಎತ್ಕೋತೀನಿ, ಅದ್ರಲ್ಲೂ ಸೋಲಿಲ್ಲ, ಐದು ಅಂಕ, 2013ರಿಂದ 2020ರವರೆಗೆ ಒಂದೊಂದಾಗಿ ಬಂದಿದ್ದು. ಆಡಿದೋರು ಯಾರಾದ್ರೂ ಇದ್ರೆ ಅಂಕಗಳ ಮಧ್ಯೆ ಬರೋ ಚಿಕ್ಕ ಭಾಗಗಳನ್ನೂ ಅದೇ ಕ್ರಮದಲ್ಲಿ ಆಡ್ಬೇಕಾ ಅಥವಾ ಆಮೇಲೆ ಆಡಿದ್ರೂ ನಡೆಯುತ್ತಾ ಹೇಳಿ.