"ರಜೆ ಹಾಕಿ ಬರೋಕೇನು?"

ನಾನು ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. 13 ವರ್ಷವಾಯಿತು. ಬಿಪಿ ಎಷ್ಟಿದೆ ಸಿಸ್ಟರ್ ಅಂತ ಕೇಳಿದವರಿಗಿಂತ ಜಾಸ್ತಿ ಜನ ನನ್ನನ್ನು ಕೇಳಿದ್ದು ಇದನ್ನು: "ನಿಮಗೂ ರಜೆ ಇರುತ್ತಲ್ಲ, ಹಾಕಿ ಬರೋಕೇನು?"

ಮದುವೆ ಕರೆಯೋಕೆ ಬಂದವರು ಕೇಳುತ್ತಾರೆ. ಮಗನ ಸ್ಕೂಲಿನ ಟೀಚರ್ ಕೇಳುತ್ತಾರೆ. ನಮ್ಮ ಅತ್ತೆ ವಾರಕ್ಕೊಮ್ಮೆ ಕೇಳುತ್ತಾರೆ, ಅದೂ ಗೋಡೆ ಕಡೆ ಮುಖ ಮಾಡಿ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಒಂದು ಸಲ ಬರೆದು ಇಟ್ಟುಬಿಡುತ್ತೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುವುದು. ಬೇಜಾರಾದರೆ ಆಗಲಿ.

ಮೊದಲು ಆ 'ಹಾಕಿ' ಅನ್ನೋ ಮಾತು. ದನಕ್ಕೆ ಹುಲ್ಲು ಹಾಕಿದ ಹಾಗೆ, ಬಾಗಿಲಿಗೆ ಚಿಲಕ ಹಾಕಿದ ಹಾಗೆ ರಜೆ ಹಾಕೋದು ಅಂದುಕೊಂಡಿದ್ದಾರೆ. ನಾನು ಹಾಕೋದು ಅರ್ಜಿ ಮಾತ್ರ. ರಜೆಯನ್ನು ಕೊಡೋರು ಬೇರೆ. ಕೊಟ್ಟ ಮೇಲೆ ವಾಪಸ್ ತಗೊಳ್ಳೋರೂ ಅವರೇ.

ನನ್ನ ಅಗ್ರಿಮೆಂಟಿನಲ್ಲಿ ರಜೆ ಇಲ್ಲ ಅಂತಲ್ಲ. ವರ್ಷಕ್ಕೆ 12 ಸಿಎಲ್, ಅಂದರೆ ಸಾಂದರ್ಭಿಕ ರಜೆ. ಒಂದು ವರ್ಷ ತುಂಬಿದ ಮೇಲೆ 15 ಇಎಲ್, ಅಂದರೆ ಗಳಿಕೆ ರಜೆ. ಎರಡೂ ಸಂಬಳದ ರಜೆಯೇ. ಕೆಲಸಕ್ಕೆ ಸೇರಿದ ದಿನ ಇಷ್ಟನ್ನೇ ಓದಿ ಖುಷಿಯಾಗಿ ಸಹಿ ಹಾಕಿದೆ. ಆಗ ನನಗೆ 22 ವರ್ಷ. ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾ ಮುಗಿದು ಮೂರು ತಿಂಗಳಾಗಿತ್ತು. ಆ ಸಂಖ್ಯೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದ ಸಾಲುಗಳನ್ನು ಓದಿದ್ದು ಎಷ್ಟೋ ವರ್ಷ ಬಿಟ್ಟು, ಒಂದು ದೀಪಾವಳಿಯ ಮಾರನೇ ವಾರ, ಸಿಟ್ಟಿನಲ್ಲಿ.

ಆ ದೀಪಾವಳಿ ಕಥೆ ಹೇಳಲೇಬೇಕು.

ನನ್ನ ತವರು ತೀರ್ಥಹಳ್ಳಿ ಕಡೆ. ನಮಗೆ ದೀಪಾವಳಿಯೇ ದೊಡ್ಡಹಬ್ಬ. ಗೋಪೂಜೆ ಆದ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆ ಮನೆಗೆ ಬರುತ್ತಾರೆ. ಮಗನಿಗೆ ಅದನ್ನು ತೋರಿಸಬೇಕು ಅಂತ ಆಸೆ. ಒಂದು ತಿಂಗಳು ಮುಂಚೆ ಅರ್ಜಿ ಕೊಟ್ಟೆ. ಸೋಮವಾರ ರಜೆ, ಮಂಗಳವಾರ ಹೇಗೂ ನನ್ನ ವೀಕ್ಲಿ ಆಫ್, ಬುಧವಾರ ಗುರುವಾರ ಮತ್ತೆ ರಜೆ. ಮೂರು ಇಎಲ್ ಖರ್ಚು ಮಾಡಿ ನಾಲ್ಕು ದಿನ. ನಾನೇ ಬುದ್ಧಿವಂತೆ ಅಂದುಕೊಂಡಿದ್ದೆ. ಮಂಜೂರೂ ಆಯಿತು.

ಸೋಮವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೇನೆ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಮಗ, ಮಗನ ಕೈಯಲ್ಲಿ ಸುರುಸುರು ಬತ್ತಿ ಡಬ್ಬ. ಫೋನ್ ಬಂತು. ಸೂಪರಿಂಟೆಂಡೆಂಟ್ ಮೇಡಂ. "ನೋಡಮ್ಮ, ನೈಟಿಗೆ ಬರಬೇಕಾದ ಹುಡುಗಿಗೆ ಡೆಂಗಿ. ಇನ್ನೊಬ್ಬಳು ಬಾಣಂತಿ ರಜೆ, ನಿನಗೇ ಗೊತ್ತು. ಎರಡು ನೈಟ್ ಮಾಡಿ ಹೋಗಿಬಿಡು. ಬದಲಿಗೆ ಬೇರೆ ದಿನ ಕಾಂಪ್ ಆಫ್ ಕೊಡ್ತೀನಿ."

ಅವರನ್ನು ಬೈಯೋಣ ಅಂದರೆ ಅದಕ್ಕೂ ಆಗುವುದಿಲ್ಲ. ಆ ವಾರ ಅವರೇ ಗ್ಲೌಸ್ ಹಾಕಿಕೊಂಡು ಡ್ರೆಸ್ಸಿಂಗ್ ಮಾಡುತ್ತಿದ್ದರು. 30 ಹಾಸಿಗೆಯ ವಾರ್ಡಿಗೆ ರಾತ್ರಿ ಇಬ್ಬರು. ನಾನು ಹೋಗದಿದ್ದರೆ ಒಬ್ಬಳೇ. ಆ ಒಬ್ಬಳು ಸೇರಿ ನಾಲ್ಕು ತಿಂಗಳಾಗಿತ್ತು. ಮಗನನ್ನು ತಮ್ಮನ ಜೊತೆ ಬಸ್ ಹತ್ತಿಸಿ ನಾನು ಮನೆಗೆ ಬಂದು ಮಲಗಿದೆ, ರಾತ್ರಿ ಡ್ಯೂಟಿಗೆ ನಿದ್ದೆ ಬೇಕಲ್ಲ. ನಿದ್ದೆ ಬರಲಿಲ್ಲ ಅನ್ನೋದು ಬೇರೆ ಮಾತು.

ಎರಡು ನೈಟ್ ಮುಗಿಸಿ, ಮುಂದಿನ ಶಿಫ್ಟಿನವರಿಗೆ ಓವರ್ ಕೊಟ್ಟು, ಬುಧವಾರ ಬೆಳಿಗ್ಗೆ ಅದೇ ಯೂನಿಫಾರ್ಮಿನ ಮೇಲೆ ಸ್ವೆಟರ್ ಹಾಕಿಕೊಂಡು ಬಸ್ ಹತ್ತಿದೆ. ಮಂಡಗದ್ದೆ ಯಾವಾಗ ದಾಟಿತೋ ಗೊತ್ತಿಲ್ಲ. ಕಂಡಕ್ಟರ್ ಎಬ್ಬಿಸಿದ. ಮನೆ ತಲುಪಿದಾಗ ಮಧ್ಯಾಹ್ನ. ಗೋಪೂಜೆ ಹಿಂದಿನ ದಿನವೇ ಮುಗಿದಿತ್ತು. ದನಗಳ ಕೊರಳಲ್ಲಿ ಚೆಂಡು ಹೂವಿನ ಹಾರ ಬಾಡಿತ್ತು. ಒಂದರ ಹಾರವನ್ನು ಇನ್ನೊಂದು ಅರ್ಧ ತಿಂದಿತ್ತು. ಅಂಟಿಗೆ ಪಂಟಿಗೆಯವರು ಬಂದು ಹೋಗಿದ್ದರು. ಮಗ ಓಡಿ ಬಂದು ಅವರ ಹಾಡನ್ನು ತಪ್ಪು ತಪ್ಪಾಗಿ ಹಾಡಿ ತೋರಿಸಿದ.

ಜಗಲಿಯಲ್ಲಿ ಚಿಕ್ಕಯ್ಯ ಕೂತಿದ್ದರು. ಎಲೆ ಅಡಿಕೆ ತಟ್ಟೆ ಮುಂದೆ, ನೆಂಟರು ಸುತ್ತ. ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ಏನೇ ಮಾರಾಯ್ತಿ, ನಿಮ್ಮ ಆಸ್ಪತ್ರೆಲಿ ರಜೆ ಅನ್ನೋದೇ ಇಲ್ವಾ? ವರ್ಷಕ್ಕೊಂದು ಹಬ್ಬ. ರಜೆ ಹಾಕಿ ಬರೋಕೇನು?"

ಚಿಕ್ಕಯ್ಯ ರಿಟೈರ್ಡ್ ಗ್ರಾಮ ಲೆಕ್ಕಿಗರು. ಸರ್ಕಾರಿ ನೌಕರರಿಗೆ ವರ್ಷಕ್ಕೆ 30 ದಿನ ಗಳಿಕೆ ರಜೆ. ಜನವರಿ 1ಕ್ಕೆ 15, ಜುಲೈ 1ಕ್ಕೆ 15, ಕೇಳದೇ ಖಾತೆಗೆ ಬಂದು ಕೂರುತ್ತದೆ. ಬಳಸದಿದ್ದರೆ ಕೂಡಿಡಬಹುದು, 300 ದಿನದವರೆಗೆ. ನಿವೃತ್ತಿಯ ದಿನ ಅದಕ್ಕೆ ದುಡ್ಡು, ಹತ್ತಿರ ಹತ್ತಿರ ಹತ್ತು ತಿಂಗಳ ಸಂಬಳ. ಚಿಕ್ಕಯ್ಯ 300ನ್ನೂ ಕೂಡಿಟ್ಟಿದ್ದರು. ಆ ದುಡ್ಡಿನಲ್ಲೇ ಜಗಲಿಗೆ ಗ್ರಾನೈಟ್ ಹಾಕಿಸಿದ್ದು. ಅಂದರೆ ಆ ಮನುಷ್ಯ ತಾವು ಹಾಕದ ರಜೆಯ ಮೇಲೆ ಕೂತು ನನಗೆ ರಜೆ ಯಾಕೆ ಹಾಕಲಿಲ್ಲ ಅಂತ ಕೇಳುತ್ತಿದ್ದರು.

ನಿದ್ದೆಗೆಟ್ಟವರ ಬಾಯಿಗೆ ಬೀಗ ಇರುವುದಿಲ್ಲ. ನಾನೂ ಕೇಳಿದೆ. "ಚಿಕ್ಕಯ್ಯ, ಅಡಿಕೆ ಕೊಯ್ಯೋ ನಿಮ್ಮ ಕೊನೆಗಾರ ನಾಳೆ ರಜೆ ಕೊಡಿ ಅಂದ್ರೆ ಕೊಡ್ತೀರಾ?"

"ಅವನಿಗೆಂಥ ರಜೆ? ಅಡಿಕೆ ಕೊನೆ ಹಣ್ಣಾಗ್ತಾ ಇದೆ. ಅವನು ಬಿಟ್ಟರೆ ಮರ ಹತ್ತೋರು ಈ ಊರಲ್ಲಿ ಯಾರಿದಾರೆ?"

"ನಮ್ಮ ಮೇಡಮ್ಮೂ ಅದನ್ನೇ ಹೇಳಿದ್ದು" ಅಂದೆ. ನೆಂಟರು ನಕ್ಕರು. ಚಿಕ್ಕಯ್ಯ ನಗಲಿಲ್ಲ. ಅಮ್ಮ ಒಳಗಿನಿಂದ "ಮೊದ್ಲು ಸ್ನಾನ ಮಾಡು ಬಾ" ಅಂತ ಕೂಗಿ ಜಗಳ ತಪ್ಪಿಸಿದರು.

ಕಥೆ ಅಲ್ಲಿಗೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ತಿಂಗಳ ಕೊನೆಗೆ ರಜೆ ಲೆಕ್ಕ ನೋಡಿದರೆ ನನ್ನ ಖಾತೆಯಿಂದ ನಾಲ್ಕು ಇಎಲ್ ಹೋಗಿತ್ತು. ಕೇಳಿದ್ದು ಮೂರು. ಅದರಲ್ಲಿ ಒಂದು ದಿನ, ಜೊತೆಗೆ ವೀಕ್ಲಿ ಆಫಿನ ದಿನವೂ, ರಾತ್ರಿಯಿಡೀ ಕೆಲಸ ಮಾಡಿದ್ದೇನೆ. ಹೋದದ್ದು ನಾಲ್ಕು! ಈ ಲೆಕ್ಕ ಬಿಡಿಸಿದವರಿಗೆ ಒಂದು ಕೆಜಿ ಚಾಲಿ ಅಡಿಕೆ ಬಹುಮಾನ ಇಟ್ಟಿದ್ದೆ. ಆಫೀಸಿನ ಹುಡುಗ ಐದೇ ನಿಮಿಷದಲ್ಲಿ ಬಿಡಿಸಿದ. ರಜೆಯ ನಡುವೆ ಆಫ್ ಬಂದರೆ ಅದೂ ರಜೆಯೇ. ಇದಕ್ಕೆ ಸ್ಯಾಂಡ್‌ವಿಚ್ ರೂಲ್ ಅನ್ನುತ್ತಾರಂತೆ. ನಾನಾದರೆ ಪತ್ರೊಡೆ ರೂಲ್ ಅನ್ನುತ್ತಿದ್ದೆ, ಎಲೆ ಎಲೆ ಸೇರಿಸಿ ಸುತ್ತಿದರೆ ಒಳಗೆ ಯಾವುದು ಎಲ್ಲಿಗೆ ಹೋಯಿತು ಅಂತ ಗೊತ್ತಾಗಲ್ಲ. ಡ್ಯೂಟಿ ಮಾಡಿದ್ದು? ರಿಜಿಸ್ಟರಿನಲ್ಲಿ ರಜೆ ರದ್ದಾದ ಬಗ್ಗೆ ಏನೂ ಇರಲಿಲ್ಲ, ಫೋನಿನಲ್ಲಿ ಹೇಳಿದ್ದಲ್ವಾ. ಕಾಂಪ್ ಆಫ್? 30 ದಿನದೊಳಗೆ ತೆಗೆದುಕೊಳ್ಳಬೇಕಿತ್ತು. ಆ 30 ದಿನವೂ ಡೆಂಗಿಯ ಹುಡುಗಿ ಬಂದಿರಲಿಲ್ಲ. ಗಲಾಟೆ ಮಾಡಿದ ಮೇಲೆ ಒಂದು ಇಎಲ್ ವಾಪಸ್ ಬಂತು. ಅಡಿಕೆ ಮಾತ್ರ ಆ ಹುಡುಗ ಬಿಡಲಿಲ್ಲ, ಕೊಟ್ಟೆ.

ಅಂದು ರಾತ್ರಿ ಕೂತು ಅಗ್ರಿಮೆಂಟ್ ಪೂರ್ತಿ ಓದಿದೆ. ಎಲ್ಲವೂ ಇತ್ತು. 'ಆಸ್ಪತ್ರೆಯ ಅಗತ್ಯಕ್ಕೆ ಒಳಪಟ್ಟು'. 'ಒಮ್ಮೆಗೆ ಎರಡಕ್ಕಿಂತ ಹೆಚ್ಚು ಸಿಎಲ್ ಇಲ್ಲ'. 'ಉಳಿದ ಸಿಎಲ್ ಡಿಸೆಂಬರ್ 31ಕ್ಕೆ ರದ್ದು'. 'ನೋಟಿಸ್ ಅವಧಿಯಲ್ಲಿ ರಜೆ ಹಾಕಿದರೆ ಅಷ್ಟು ದಿನ ನೋಟಿಸ್ ಮುಂದುವರಿಯುತ್ತದೆ'. ಯಾರೂ ನನಗೆ ಮೋಸ ಮಾಡಿರಲಿಲ್ಲ. ಓದದೇ ಸಹಿ ಹಾಕಿದ್ದು ನಾನೇ. ಇದು ಇನ್ನೂ ಜಾಸ್ತಿ ಉರಿಸಿತು.

ಅದಕ್ಕೇ ಹೇಳೋದು, ರಜೆ ಇದೆಯಾ ಅಂತ ಕೇಳಬೇಡಿ. ಕೇಳಲೇಬೇಕು ಅಂದರೆ ಹೀಗೆ ಕೇಳಿ: ನಿಮ್ಮ ವಾರ್ಡಿನಲ್ಲಿ ಎಷ್ಟು ಜನ ಇದ್ದೀರಿ?

13 ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿಲ್ಲ. ತೋಟ ಇರುವ ಮಲೆನಾಡಿಗರಿಗಾದರೂ ಇದು ಹೊಳೆಯಬೇಕಿತ್ತು. ಆಳು ಸಿಗದೆ ಕೊನೆ ಉದುರಿದ್ದನ್ನು ನೋಡಿದವರು ನಾವು. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಲ್ಲಿ ಈ ವಿಷಯ ಸ್ಪಷ್ಟವಾಗಿದೆ. ಬೋಧನಾ ಆಸ್ಪತ್ರೆಯಲ್ಲಿ ಮೂರು ಹಾಸಿಗೆಗೆ ಒಬ್ಬ ನರ್ಸ್, ಸಾಮಾನ್ಯ ಆಸ್ಪತ್ರೆಯಲ್ಲಿ ಐದಕ್ಕೆ ಒಬ್ಬ. ಅದರ ಮೇಲೆ ರಜೆಗೆ ಅಂತಲೇ ನೂರಕ್ಕೆ 30ರಷ್ಟು ಜನ ಹೆಚ್ಚುವರಿ. ಲೀವ್ ರಿಸರ್ವ್ ಅಂತ ಹೆಸರು. ಹತ್ತು ಜನ ಬೇಕಾದ ಕಡೆ ಹದಿಮೂರು ಇರಬೇಕು. ಆ ಮೂವರೇ ನಮ್ಮ ರಜೆ. ಅವರು ಇಲ್ಲದಿದ್ದರೆ 15 ಇಎಲ್ ಅಂತ ಬರೆದರೂ ಒಂದೇ, 50 ಅಂತ ಬರೆದರೂ ಒಂದೇ. ನಾನು ಮನೆಯಲ್ಲಿ ಹೋಳಿಗೆ ತಿನ್ನುವಾಗ ಅಲ್ಲಿ ಇನ್ನೊಬ್ಬಳು ಡಬಲ್ ಡ್ಯೂಟಿ ಮಾಡುತ್ತಿರುತ್ತಾಳೆ.

ಬಾಣಂತಿ ರಜೆಯ ಕಥೆಯೂ ಇದೇ. 2017ರ ತಿದ್ದುಪಡಿ ಆದ ಮೇಲೆ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳ ಸಹಿತ ರಜೆ. ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ಅಗ್ರಿಮೆಂಟಿನಲ್ಲಿ ಏನೇ ಬರೆದಿರಲಿ, ಇದು ಕಾನೂನು. ಆದರೆ ಹೋದವಳ ಜಾಗಕ್ಕೆ ಆರು ತಿಂಗಳು ಯಾರನ್ನೂ ತರುವುದಿಲ್ಲ. ಆಗ ಸಿಟ್ಟು ಯಾರ ಮೇಲೆ? ಜನ ಕೊಡದವರ ಮೇಲಲ್ಲ, ಬಸುರಿಯ ಮೇಲೆ. ನಾನೂ ಹಾಗೆ ಸಿಟ್ಟು ಮಾಡಿದ್ದೇನೆ. ನನ್ನ ಸರದಿ ಬಂದಾಗ ನನ್ನ ಮೇಲೂ ಮಾಡಿದರು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ತಿಂಗಳಿಗೊಂದು ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು ಅಂತ ಪೇಪರಿನಲ್ಲಿ ಬಂದ ದಿನ, ನಮ್ಮ ಡ್ಯೂಟಿ ರೂಮಿನಲ್ಲಿ ಒಬ್ಬಳು ಕೇಳಿದಳು, "ಎಲ್ಲರಿಗೂ ಒಂದೇ ದಿನ ಆದ್ರೆ ಪೇಷಂಟ್‌ಗಳೇ ಡ್ರಿಪ್ ಹಾಕ್ಕೊಳ್ತಾರಾ?" ನಕ್ಕೆವು.

ಖಾಸಗಿ ಆಸ್ಪತ್ರೆ ನರ್ಸುಗಳ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿದ್ದಾಗಿದೆ. 2016ರಲ್ಲಿ ಕೋರ್ಟಿನ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ಮಾಡಿತು. 200ಕ್ಕಿಂತ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲಿ ಸರ್ಕಾರಿ ನರ್ಸಿನಷ್ಟೇ ಸಂಬಳ, 50ಕ್ಕಿಂತ ಕಡಿಮೆ ಇದ್ದರೂ 20,000ಕ್ಕಿಂತ ಕಡಿಮೆ ಬೇಡ ಅಂತ ಅದು ಹೇಳಿತು. ಸಂಬಳದ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡರು. ಅದೇ ಶಿಫಾರಸಿನಲ್ಲಿ ರಜೆ, ಕೆಲಸದ ಗಂಟೆ ಕೂಡ ರಾಜ್ಯ ಸರ್ಕಾರಿ ನೌಕರರಿಗೆ ಸಮವಾಗಿರಲಿ ಅಂತ ಇದೆ. ಅಂದರೆ ಚಿಕ್ಕಯ್ಯನಿಗೆ ಸಮ! ಶಿಫಾರಸು ಶಿಫಾರಸಾಗಿಯೇ ಉಳಿಯಿತು. ನನಗೆ ಗ್ರಾನೈಟ್ ಇಲ್ಲ, ರೆಡ್ ಆಕ್ಸೈಡ್ ನೆಲವೇ ಗಟ್ಟಿ.

ಹುಷಾರಿಲ್ಲ ಅಂತ ಹೇಳಿಬಿಡು ಅನ್ನೋ ಮಹಾಶಯರಿಗೆ ಒಂದು ಮಾತು. ಆಸ್ಪತ್ರೆಗೆ ಫೋನ್ ಮಾಡಿ ಜ್ವರ ಅಂದರೆ "ಬಾ, ಇಲ್ಲೇ ಪ್ಯಾರಾಸಿಟಮಾಲ್ ಕೊಡ್ತೀವಿ" ಅನ್ನುತ್ತಾರೆ. ಕೈಗೆ ಡ್ರಿಪ್ಪಿನ ಕ್ಯಾನುಲಾ ಇಟ್ಟುಕೊಂಡೇ ಇನ್ನೊಬ್ಬರಿಗೆ ಇಂಜೆಕ್ಷನ್ ಕೊಟ್ಟವರನ್ನು ನಾನು ನೋಡಿದ್ದೇನೆ. ನಿಜವಾಗಿ ಕಾಯಿಲೆ ಬಿದ್ದವರಿಗೆ ನೌಕರರ ರಾಜ್ಯ ವಿಮೆ, ಅಂದರೆ ಇಎಸ್‌ಐ ಇದೆ. ಸಂಬಳ 21,000ದ ಒಳಗಿದ್ದು, ಕಂತು ಸರಿಯಾಗಿ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಕೂಲಿಯ ಶೇ. 70ರಷ್ಟು ಬರುತ್ತದೆ. ತಿಂಗಳು ತಿಂಗಳು ದುಡ್ಡು ಮುರಿಸಿಕೊಳ್ಳುವ ಎಷ್ಟೋ ಹುಡುಗಿಯರಿಗೆ ಇದು ಗೊತ್ತೇ ಇಲ್ಲ. ಸಿಎಲ್ ಮುಗಿಯಿತು ಅಂತ ಸಂಬಳವಿಲ್ಲದೆ ಮಲಗಿರುತ್ತಾರೆ.

ಈಗ ಹೊಸಬರು ಆಫರ್ ಲೆಟರಿನ ಫೋಟೊ ಕಳಿಸಿ "ಅಕ್ಕಾ, ಸಂಬಳ ಪರವಾಗಿಲ್ವಾ?" ಅಂತ ಕೇಳುತ್ತಾರೆ. ಸಂಬಳ ಹೇಗೂ ಓದಿರುತ್ತೀಯ, ಅದರ ಕೆಳಗೆ ಓದು ಅನ್ನುತ್ತೇನೆ. ರಜೆ ಮಂಜೂರು ಮಾಡೋರು ಯಾರು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ಮಂಜೂರಾದದ್ದನ್ನು ರದ್ದು ಮಾಡಿದರೆ ಬರೆದು ಕೊಡುತ್ತಾರಾ, ಉಳಿದ ಇಎಲ್‌ಗೆ ದುಡ್ಡು ಬರುತ್ತಾ, ನಡುವಿನ ಆಫ್ ನಿನ್ನದಾ ಅವರದ್ದಾ. ಮತ್ತೆ ಏನೇ ಅರ್ಜಿ ಕೊಟ್ಟರೂ ಎರಡು ಪ್ರತಿ. ಒಂದಕ್ಕೆ ಸೀಲ್ ಹಾಕಿಸಿಕೊಂಡು ಮನೆಗೆ ತಾ. ವಾಟ್ಸಾಪಿನಲ್ಲಿ 'ಓಕೆ ಮಾ' ಅಂತ ಬಂದಿದ್ದನ್ನು ನಂಬಬೇಡ.

ಹೋದ ವಾರ ಚಿಕ್ಕಯ್ಯನ ಫೋನ್ ಬಂದಿತ್ತು. ಕೊನೆಗಾರ ಕೈಕೊಟ್ಟಿದ್ದಾನಂತೆ, ಬೇರೆ ಊರಿನಿಂದ ಯಾರನ್ನೋ ಕರೆಸಿ ಕೊಯ್ಲು ಮುಗಿಸಿದ್ದಾರೆ. ಈಗ ಸುಲಿಯೋಕೆ ಜನ ಇಲ್ಲ. "ನೀನೂ ನಿನ್ನ ಗಂಡನೂ ಎರಡು ದಿನ ಬನ್ನಿ ಮಾರಾಯ್ತಿ. ರಜೆ ಹಾಕಿ ಬರೋಕೇನು?"

ಅರ್ಜಿ ಬರೆದೆ. 'ಕಾರಣ' ಅಂತ ಇದ್ದ ಕಡೆ 'ಆಳು ಸಿಗದ ಕಾರಣ' ಅಂತ ತುಂಬಿದೆ. ಮೇಡಂ ಓದಿ, ಕನ್ನಡಕ ತೆಗೆದು, ನನ್ನ ಮುಖ ನೋಡಿದರು. ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಂಡು ಬಂದಿದ್ದೇನೆ.