ಕಲ್ಲಿಗೆ ತಾಗಿಯೂ ತಾಗದಷ್ಟು ತೂಕ

ಬೆಂಟನ್‌ವಿಲ್ ಊರಿನ ತಗ್ಗು ಸೇತುವೆಯ ಹತ್ತಿರ ಕಾರು ನಿಲ್ಲಿಸಿದಾಗ ಬೆಳಗಿನ ಐದೂಕಾಲು. ನದಿ ಕಾಣುತ್ತಲೇ ಇರಲಿಲ್ಲ, ಮಂಜು ಅಷ್ಟು ದಟ್ಟವಾಗಿತ್ತು. ಭಾವ ಕಾರಿನಿಂದಿಳಿದವರೇ ನೀರಿನ ಸದ್ದಿಗೆ ಕಿವಿಗೊಟ್ಟು ನಿಂತರು. “ಮೇಲೆ ಕಲ್ಲುಹಾಸು, ಕೆಳಗೆ ಮಡು. ಅಲ್ದಾ ಮಾರಾಯ?” ಅಂದರು. ನಾನು ಹೌದೆಂದೆ. ಈ ಜಾಗಕ್ಕೆ ಎಂಟು ವರ್ಷದಿಂದ ಬರುತ್ತಿದ್ದೇನೆ. ಅವರಿಗೆ ಇದು ಮೊದಲ ಸಲ. ಆದರೆ ತೀರ್ಥಹಳ್ಳಿಯ ಕಡೆ ತುಂಗೆಯ ದಡದಲ್ಲಿ ಹುಟ್ಟಿ, ನಲವತ್ತು ವರ್ಷ ಎರೆಹುಳು ಕಟ್ಟಿ ಗಾಳ ಹಾಕಿದವರಿಗೆ ನೀರಿನ ಮಾತು ಎಲ್ಲಾದರೂ ಒಂದೇ.

ಅಕ್ಕ-ಭಾವ ವರ್ಜೀನಿಯದ ನಮ್ಮ ಮನೆಗೆ ಬಂದು ಎರಡು ವಾರವಾಗಿತ್ತು. ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಗಳನ್ನು ಭಾವ ತಾಳ್ಮೆಯಿಂದ ನೋಡಿ ಮುಗಿಸಿದ್ದರು. ಕೊನೆಗೆ ಅವರೇ ಬಾಯಿಬಿಟ್ಟು ಕೇಳಿದರು, “ಇಲ್ಲಿ ಹೊಳೆ ಇಲ್ವನಾ?” ಮಾರನೆಯ ದಿನವೇ ಇಬ್ಬರಿಗೂ ಮೀನು ಹಿಡಿಯುವ ಪರವಾನಗಿ ಮಾಡಿಸಿ, ಪಶ್ಚಿಮಕ್ಕೆ ಹೋಗುವ ಹೆದ್ದಾರಿ 66 ಹಿಡಿದು, ಫ್ರಂಟ್ ರಾಯಲ್‌ನಲ್ಲಿ ದಕ್ಷಿಣಕ್ಕೆ ತಿರುಗಿದೆವು. ಒಂದು ಪಕ್ಕ ಬ್ಲೂ ರಿಡ್ಜ್ ಬೆಟ್ಟಸಾಲು, ಇನ್ನೊಂದು ಪಕ್ಕ ಮಸನಟನ್ ಬೆಟ್ಟ, ನಡುವೆ ಹಾವಿನಂತೆ ಸುತ್ತಿ ಸುತ್ತಿ ಉತ್ತರಕ್ಕೆ ಹರಿಯುವ ಶೆನಂಡೋವಾ ನದಿಯ ಸೌತ್ ಫೋರ್ಕ್. ಪೋರ್ಟ್ ರಿಪಬ್ಲಿಕ್‌ನಲ್ಲಿ ಹುಟ್ಟುವ ಈ ಕವಲು ಫ್ರಂಟ್ ರಾಯಲ್‌ನಲ್ಲಿ ನಾರ್ತ್ ಫೋರ್ಕನ್ನು ಸೇರುತ್ತದೆ. ಮುಂದೆ ಹಾರ್ಪರ್ಸ್ ಫೆರಿಯಲ್ಲಿ ಎರಡೂ ಒಂದಾಗಿ ಪೊಟೊಮ್ಯಾಕ್‌ಗೆ ಬೀಳುತ್ತವೆ. ಬೇಸಿಗೆಯಲ್ಲಿ ಮೊಣಕಾಲಿನಿಂದ ಸೊಂಟದವರೆಗೆ ನೀರು. ಹಳೆಯ ಬೂಟು ಹಾಕಿಕೊಂಡು ಇಳಿದರೆ ಸಾಕು, ಪಾಚಿಯ ಮೇಲೆ ಮಾತ್ರ ಎಚ್ಚರ ಬೇಕು.

ನಾವು ಹುಡುಕಿ ಬಂದ ಮೀನು ಸ್ಮಾಲ್‌ಮೌತ್ ಬಾಸ್. ಕಂಚಿನ ಮೈ, ಉದ್ದಕ್ಕೂ ನಿಂತ ಕಪ್ಪು ಪಟ್ಟೆಗಳು, ಕೆಂಪು ಕಣ್ಣು. ಇದು ಈ ಹೊಳೆಯ ಮೂಲ ನಿವಾಸಿ ಅಲ್ಲ. 1854ರಲ್ಲಿ ಓಹಾಯೋ ನದಿಯ ಕಡೆಯಿಂದ ಕೆಲವು ಮೀನುಗಳನ್ನು ತೂತು ಕೊರೆದ ಬಕೆಟ್ಟಿನಲ್ಲಿ ಹಾಕಿ, ರೈಲಿನ ಎಂಜಿನ್ನಿಗೆ ಜೋಡಿಸಿದ ನೀರಿನ ತೊಟ್ಟಿಯಲ್ಲಿ ಇಳಿಬಿಟ್ಟು, ಬೆಟ್ಟ ದಾಟಿಸಿ ಕಂಬರ್‌ಲ್ಯಾಂಡಿಗೆ ತಂದರು. ಅಲ್ಲಿನ ಕಾಲುವೆಯಿಂದ ಅವು ಪೊಟೊಮ್ಯಾಕ್‌ನಲ್ಲೆಲ್ಲ ಹರಡಿದವು. ಈ ಕಥೆ ಕೇಳಿ ಭಾವನಿಗೆ ಬಹಳ ಖುಷಿಯಾಯಿತು. “ಹಂಗಾದ್ರೆ ಇದೂ ನಿನ್ ಥರಾನೇ ವಲಸೆ ಬಂದಿದ್ದು” ಎಂದರು.

ಮಂಜು ಇರುವಷ್ಟು ಹೊತ್ತು ನೀರಿನ ಮೇಲೆಯೇ ಆಡಿಸಬೇಕು. ಹೆಬ್ಬೆರಳಷ್ಟು ಉದ್ದದ, ನೀರಿನ ಮೇಲೆ ತೇಲುವ ಪಾಪರ್ ಎಂಬ ಹುಸಿ ಎರೆ ಕಟ್ಟಿ ಭಾವನ ಕೈಗೆ ರಾಡ್ ಕೊಟ್ಟೆ. ಎಸೆದ ಕೂಡಲೇ ಜಗ್ಗಬಾರದು. ಬಿದ್ದ ಜಾಗದಿಂದ ಎದ್ದ ಅಲೆಯ ಬಳೆಗಳೆಲ್ಲ ಅಳಿಸಿಹೋಗುವವರೆಗೆ ಕಾದು, ಆಮೇಲೆ ರಾಡಿನ ತುದಿಯನ್ನು ಒಮ್ಮೆ ಮೆಲ್ಲಗೆ ಕುಟುಕಿಸಬೇಕು. ‘ಗುಳುಂ’ ಎಂದು ಒಂದು ಗುಳ್ಳೆ, ಮತ್ತೆ ಮೌನ. ಮೂರನೆಯ ಎಸೆತಕ್ಕೇ ನೀರು ಸಿಡಿಯಿತು. ಭಾವ ಆತುರಪಟ್ಟು ಎಳೆದರು, ಪಾಪರ್ ಬರಿದಾಗಿ ಹಾರಿ ಬಂತು. ಸದ್ದಿಗಲ್ಲ, ದಾರದ ಭಾರಕ್ಕೆ ಎಳೆಯಬೇಕು ಎಂದೆ. ಇದು ಬೆಂಡು ಮುಳುಗಿದಾಗ ಕಾಯುವ ಪಾಠವೇ ಅಲ್ಲವೇ, ಅವರು ತಕ್ಷಣ ಹಿಡಿದರು. ಏಳು ಗಂಟೆಯೊಳಗೆ ಮೂರು ಮೀನು, ದೊಡ್ಡದು ಹದಿಮೂರು ಇಂಚು.

ಬಿಸಿಲು ಏರಿದ ಮೇಲೆ ಮೇಲಿನ ಆಟ ಮುಗಿಯಿತು. ಆಗ ಭಾವ ಬಾಗಿ, ಕಾಲ ಬಳಿಯ ಒಂದು ಚಪ್ಪಟೆ ಕಲ್ಲನ್ನು ಎತ್ತಿದರು. ಕೆಸರಿನ ಮೋಡದೊಳಗಿಂದ ಬೆರಳುದ್ದದ ಒಂದು ಕ್ರೇಫಿಶ್ ಬಾಲ ಮಡಚಿ ಹಿಂದಕ್ಕೆ ಚಿಮ್ಮಿತು. ಸಿಗಡಿಯ ಮೈಗೆ ಏಡಿಯ ಕೊಂಬು ಇಟ್ಟ ಹಾಗೆ. ಬಣ್ಣ ಹಸಿರು ಬೆರೆತ ಕಂದು. “ಇದನ್ನೇ ತಿಂತಾವೆ” ಎಂದರು ಭಾವ. ಈ ಮೀನಿನ ಬಗ್ಗೆ ಕಲಿಯಬೇಕಾದ ಅರ್ಧ ಭಾಗ ಅದೇ.

ಉಳಿದರ್ಧ ತೂಕ. ಅಂಗಡಿಗೆ ಹೋದರೆ ಲೂರ್‌ಗಳ, ಅಂದರೆ ಹುಸಿ ಎರೆಗಳ, ಬಣ್ಣವೇ ಕಣ್ಣು ಸೆಳೆಯುತ್ತದೆ. ನನ್ನ ಅನುಭವದಲ್ಲಿ ಸಣ್ಣ ನದಿಯಲ್ಲಿ ಬಣ್ಣಕ್ಕಿಂತ ತೂಕ ಹತ್ತು ಪಾಲು ಮುಖ್ಯ. ಸೌತ್ ಫೋರ್ಕಿನ ತಳವೆಲ್ಲ ಹರಿವಿಗೆ ಅಡ್ಡವಾಗಿ ಮೆಟ್ಟಿಲಿನಂತೆ ಎದ್ದ ಬಂಡೆಯ ಅಂಚುಗಳು, ನಡುವೆ ಬಿರುಕುಗಳು. ಲೂರ್ ಭಾರವಾದರೆ ಬಿರುಕಿನಲ್ಲಿ ಸಿಕ್ಕಿಬೀಳುತ್ತದೆ. ಹಗುರವಾದರೆ ಸೆಳವು ಅದನ್ನು ಮೀನಿನ ತಲೆಯ ಮೇಲಿಂದಲೇ ಹೊತ್ತೊಯ್ಯುತ್ತದೆ. ಬೇಕಾದದ್ದು ತೇಲಿಕೊಂಡು ಹೋಗುತ್ತ ಆಗಾಗ ಕಲ್ಲಿಗೆ ‘ಟಕ್’ ಎಂದು ತಾಗುವಷ್ಟು ಮಾತ್ರ. ಅಂದು ಮೊದಲು ಐದು ಗ್ರಾಂ ತೂಕದ ಸೀಸ ತೂರಿಸಿದ ಟ್ಯೂಬ್ ಎಂಬ ಟೊಳ್ಳು ಮೈಯ ಮೆತ್ತನೆ ಲೂರ್ ಹಾಕಿದೆವು. ಅರ್ಧ ಗಂಟೆಯಲ್ಲಿ ನಾಲ್ಕು ಟ್ಯೂಬ್ ಬಂಡೆಯ ಪಾಲಾದವು. ಆಮೇಲೆ ನೆಡ್ ರಿಗ್‌ಗೆ ಬದಲಾಯಿಸಿದೆ. ಅಣಬೆಯ ಟೋಪಿಯಂಥ ಪುಟ್ಟ ಸೀಸದ ತಲೆ, ಮೂರು ಗ್ರಾಮಿಗೂ ಕಡಿಮೆ. ಅದರ ಕೊಕ್ಕೆಗೆ ಪೋಣಿಸಿದ ಮೂರಿಂಚಿಗಿಂತ ಚಿಕ್ಕ ಮೆತ್ತನೆಯ ರಬ್ಬರ್ ಹುಳು. ಈ ರಬ್ಬರ್ ತೇಲುವ ಜಾತಿಯದು. ಹಾಗಾಗಿ ತಲೆ ತಳ ಮುಟ್ಟಿದರೂ ಬಾಲ ಮೇಲಕ್ಕೆ ನೆಟ್ಟಗೆ ನಿಂತು ಆಡುತ್ತದೆ, ಕೊಂಬೆತ್ತಿ ನಿಂತ ಕ್ರೇಫಿಶ್‌ನಂತೆ. ಆರು ಪೌಂಡ್ ಭಾರ ತಡೆಯುವ ತೆಳು ದಾರ ಸಾಕು. ದಪ್ಪ ದಾರವನ್ನು ನೀರು ಹಿಡಿದು ಎಳೆಯುತ್ತದೆ.

ಎಲ್ಲಿ ಎಸೆಯಬೇಕೆಂದು ಭಾವನೇ ತೋರಿಸಿದರು. ಬಂಡೆಯ ಅಂಚಿನ ಕೆಳಗೆ ಬಿರುಸಿನ ನೀರೂ ಸುಳಿಯ ನಿಧಾನ ನೀರೂ ಉಜ್ಜಿಕೊಳ್ಳುವ ಕಡೆ ನೊರೆಯ ಒಂದು ಗೆರೆ. “ಮೀನು ನಿಧಾನದ ನೀರಲ್ಲಿ ನಿಂತು ಬಿರುಸಿನ ನೀರಿಗೆ ಬಾಯಿ ಹಾಕ್ತದೆ. ನಮ್ಮ ಹೊಳೇಲೂ ಅಷ್ಟೆ.” ಮೇಲಕ್ಕೆ ಎಸೆದು, ರೀಲ್ ಸುತ್ತದೆ, ದಾರ ಸಡಿಲ ಬಿಡದೆ ಹರಿವಿಗೇ ಒಪ್ಪಿಸಿದರು. ಟಕ್, ಟಕ್. ಮೂರನೆಯದು ಟಕ್ ಆಗಿರಲಿಲ್ಲ, ದಾರ ಸುಮ್ಮನೆ ಪಕ್ಕಕ್ಕೆ ಸರಿಯಿತು. ಭಾವ ರಾಡ್ ಎತ್ತಿದರು. ಮೀನು ನೀರು ಬಿಟ್ಟು ಎರಡಡಿ ಮೇಲಕ್ಕೆ ಹಾರಿ, ತಲೆ ಕೊಡವಿ, ಮತ್ತೆ ಬಂಡೆಯ ಕಡೆಗೇ ಓಡಿತು. ಹದಿನೇಳು ಇಂಚು. ಈ ಹೊಳೆಯಲ್ಲಿ ಅಷ್ಟು ಬೆಳೆಯಲು ಹಲವು ವರ್ಷ ಬೇಕು.

ಕೆಳದವಡೆ ಹಿಡಿದು ಕೊಕ್ಕೆ ಬಿಡಿಸಿಕೊಟ್ಟೆ. “ಮನೆಗೆ ಬೇಡ್ವಾ?” ಎಂದರು. ಹೇಳಲು ನೋವಾಯಿತು, ಆದರೂ ಹೇಳಿದೆ. ಮೇಲಿನ ವೇನ್ಸ್‌ಬೊರೊದ ಒಂದು ಕಾರ್ಖಾನೆಯಿಂದ 1929ರಿಂದ 1950ರವರೆಗೆ ಪಾದರಸ ಹೊಳೆಗೆ ಸೇರಿತು. ಇಲ್ಲಿನ ಮೀನು ತಿನ್ನುವ ಬಗ್ಗೆ ಸರ್ಕಾರದ ಎಚ್ಚರಿಕೆ ಇವತ್ತಿಗೂ ಇದೆ. 2005ರ ವಸಂತದಲ್ಲಿ ಇಲ್ಲಿ ದೊಡ್ಡ ಬಾಸ್‌ಗಳು ಮೈತುಂಬ ಹುಣ್ಣಾಗಿ ರಾಶಿ ರಾಶಿ ಸತ್ತಿದ್ದವು. ಆ ಸಾವಿಗೆ ಇಂಥದ್ದೇ ಕಾರಣ ಎಂದು ಬೊಟ್ಟು ಮಾಡಲು ಆಗಲಿಲ್ಲ. ಭಾವ ಮೀನನ್ನು ಎರಡೂ ಕೈಯಲ್ಲಿ ನೀರಿನೊಳಗೆ, ಹರಿವಿಗೆ ಮುಖ ಮಾಡಿ ಹಿಡಿದು ನಿಂತರು. ಕಿವಿರು ಬಿಚ್ಚಿ ಮುಚ್ಚಿತು, ಮತ್ತೆ ಬಿಚ್ಚಿತು. ಚಿಪ್ಪಲಗುಡ್ಡೆಯ ಮತ್ಸ್ಯಧಾಮದಲ್ಲಿ ಮಂಡಕ್ಕಿ ಎಸೆಯುವಾಗಿನ ಮುಖವೇ ಅವರದ್ದು. ಬಾಲ ಬಲವಾಗಿ ಬೀಸಿದಾಗ ಕೈ ಬಿಟ್ಟರು.

ಮರುದಿನ ಮತ್ತೆ ಬಂದೆವು. ರಾತ್ರಿ ಹೊಳೆಯ ಮೇಲ್ಭಾಗದ ಲೂರೇ ಎಂಬ ಊರಿನ ಕಡೆ ಗುಡುಗು-ಮಳೆಯಾಗಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಕಲಕು ನೀರಿನಲ್ಲಿ ಮೀನಿಗೆ ಕಾಣುವುದು ಕಡಿಮೆ, ಕಂಪನ ಗೊತ್ತಾಗುತ್ತದೆ. ತಗಡು ಎಲೆ ಸುತ್ತುವ ಸ್ಪಿನ್ನರ್ ಕಟ್ಟಿ, ಸೆಳವು ತಪ್ಪಿಸಿಕೊಂಡು ದಡದ ಹುಲ್ಲಿಗೆ ಒತ್ತಿ ನಿಂತ ಮೀನಿಗಾಗಿ ದಡದ ಗುಂಟವೇ ಎಸೆದೆವು. ಎರಡು ಸಣ್ಣವು ಸಿಕ್ಕವು. ಹತ್ತು ಗಂಟೆಗೆ ನೀರು ಇನ್ನೂ ಏರುವುದು ಕಂಡು ಮೇಲೆ ಬಂದೆವು.

ಕಾರಿನ ಹಿಂಬಾಗಿಲ ಮೇಲೆ ಕೂತು ಭಾವ ಹಿಂದಿನ ದಿನದ ರಬ್ಬರ್ ಹುಳುವನ್ನು ಕೊಕ್ಕೆಯಿಂದ ಬಿಡಿಸಿದರು. ಅದರ ಮೈ ಮೇಲೆಲ್ಲ ಮರಳು ಕಾಗದ ಉಜ್ಜಿದಂತೆ ಮೀನಿನ ಹಲ್ಲಿನ ಗುರುತು. ಕರವಸ್ತ್ರದಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡು, “ಮಳೆ ಕಳೆದು ತುಂಗೆ ತಿಳಿಯಾಗ್ಲಿ, ಫೋನ್ ಮಾಡ್ತೀನಿ” ಎಂದರು.