ವಾಪಸ್ ಬರುವ ಪವರ್ ಹಿಂದೆ ಬಿದ್ದು: ಮೂರನೇ ವಾರ

ಹ್ಯಾಮ್ ರೇಡಿಯೋ (ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಸಂಪರ್ಕ ಮಾಡುವುದು) ಶುರು ಮಾಡಿದಾಗಿನಿಂದ ಒಂದು ಮಾತು ಕೇಳುತ್ತಲೇ ಇದ್ದೇನೆ. ಎಸ್‌ಡಬ್ಲ್ಯುಆರ್ (ಕೇಬಲಿಗೂ ಆಂಟೆನಾಗೂ ಎಷ್ಟು ಹೊಂದಿಕೆ ಇಲ್ಲ ಅನ್ನುವ ಅಳತೆ) ಜಾಸ್ತಿ ಆದರೆ ಆಂಟೆನಾದಿಂದ ವಾಪಸ್ ಬಂದ ಪವರ್ ಎಲ್ಲಾ ಸೆಟ್ಟಿನೊಳಗೆ, ಅಂದರೆ ಸಿಗ್ನಲ್ ಕಳಿಸುವ ರೇಡಿಯೋದೊಳಗೆ, ಶಾಖವಾಗುತ್ತದೆ ಅಂತ. ನಿಜವಾ? ಮೇಜಿನ ಮೇಲೆ ಇಟ್ಟು ನೋಡೋಣ ಅನ್ನಿಸಿತು.

ಶನಿವಾರ

ಪಲ್ಸ್ ಸರ್ಕ್ಯೂಟ್ ಕೊನೆಗೂ ಓಡಿತು. 74ಎಸಿ14 ಚಿಪ್ಪಿನ ಆರು ಇನ್ವರ್ಟರ್‌ಗಳಲ್ಲಿ ಒಂದು ಆಸಿಲೇಟರ್, ಅಂದರೆ ಪಲ್ಸ್ ಹುಟ್ಟಿಸುವ ಭಾಗ. ಉಳಿದ ಐದಕ್ಕೂ ಒಂದೊಂದು 220 ಓಮ್ ಹಾಕಿ ಒಟ್ಟಿಗೆ ಸೇರಿಸಿದೆ. ಚಿಪ್ಪಿನದ್ದೂ ಸೇರಿ ಸುಮಾರು 50 ಓಮ್. ಮೇಜಿನ ಮೇಲೆ ಸೆಟ್ಟಿನ ಬದಲಿಗೆ ಇದೇ. ಸೊನ್ನೆಯಿಂದ 5 ವೋಲ್ಟಿಗೆ ಜಿಗಿಯುವ ಸ್ಕ್ವೇರ್ ವೇವ್. ಕೇಬಲ್ 50 ಓಮಿನದ್ದು, 10 ಮೀಟರ್ ಆರ್‌ಜಿ-58, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ತಂದದ್ದು.

ಮೊದಲು ಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಗೆರೆ ನಡುಗುತ್ತಿತ್ತು. ಪ್ರೋಬಿನ ಉದ್ದನೆಯ ಗ್ರೌಂಡ್ ವೈರ್ ತೆಗೆದ ಮೇಲೆ ನೀಟಾಯಿತು.

ಕೇಬಲಿನ ಆ ತುದಿ ಖಾಲಿ ಬಿಟ್ಟೆ. ಈ ತುದಿಯಲ್ಲಿ ವೋಲ್ಟೇಜ್ 2.5ಕ್ಕೆ ಏರಿ ನಿಂತಿತು. ಹತ್ತಿರ ಹತ್ತಿರ 100 ನ್ಯಾನೋಸೆಕೆಂಡ್ ಆದ ಮೇಲೆ 5ಕ್ಕೆ ಜಿಗಿಯಿತು. ಆರ್‌ಜಿ-58ರಲ್ಲಿ ಅಲೆ ಬೆಳಕಿನ ವೇಗದ 66% ವೇಗದಲ್ಲಿ ಹೋಗುತ್ತದೆ. ಹೋಗಿ ಬರಲು 20 ಮೀಟರ್. ಸರಿಹೋಯಿತು.

ಈಗ ಲೆಕ್ಕ. 2.5 ವೋಲ್ಟ್, 50 ಓಮ್ ಅಂದರೆ 125 ಮಿಲಿವ್ಯಾಟ್. 100 ನ್ಯಾನೋಸೆಕೆಂಡಿನಲ್ಲಿ ಕೇಬಲಿಗೆ ಹೋದದ್ದು 12.5 ನ್ಯಾನೋಜೌಲ್. ಇನ್ನೊಂದು ದಾರಿಯಿಂದ ನೋಡಿ: ಈ ಕೇಬಲಿನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಸಾಮರ್ಥ್ಯ) ಸುಮಾರು 1000 ಪಿಕೋಫ್ಯಾರಡ್. ಅದು 5 ವೋಲ್ಟಿಗೆ ಚಾರ್ಜ್ ಆದಾಗ ಒಳಗಿರುವುದೂ ಅದೇ 12.5! ಇದು ತಾಳೆಯಾದಾಗ ಆದ ಖುಷಿ ಹೇಳತೀರದು. ಅಲೆ ವಾಪಸ್ ಬಂತು, ನಿಜ. ಆದರೆ ಅದು ಬಂದ ಕ್ಷಣದಿಂದ ಕರೆಂಟ್ ಸೊನ್ನೆ. ರೆಸಿಸ್ಟರುಗಳು ತಣ್ಣಗಾದವು. ಶಕ್ತಿ ಪೂರ್ತಿ ಕೇಬಲಿನೊಳಗೇ ಕೂತಿದೆ.

ಭಾನುವಾರ

ಖಾಲಿ ತುದಿ ಸುಮ್ನೆ ಒಂದು ವಿಶೇಷ ಪ್ರಸಂಗ ಇರಬಹುದು, ಅಲ್ವಾ? ಅದಕ್ಕೇ ಆ ತುದಿಗೆ ಆಂಟೆನಾ ಬದಲು ಲೋಡ್, ಅಂದರೆ ರೆಸಿಸ್ಟರ್, ಹಾಕಿದೆ. ಮೊದಲು 100 ಓಮ್, ಆಮೇಲೆ 25. ಒಂದು 50ರ ಎರಡು ಪಟ್ಟು, ಇನ್ನೊಂದು ಅರ್ಧ. ಎರಡಕ್ಕೂ ಎಸ್‌ಡಬ್ಲ್ಯುಆರ್ 2 ತಾನೇ. ಎರಡರಲ್ಲೂ ವಾಪಸ್ ಬರುವುದು 11%, ಅಂದರೆ 14 ಮಿಲಿವ್ಯಾಟ್. ಲೋಡಿಗೆ ಸಿಗುವುದೂ ಒಂದೇ, 111.

ಆದರೆ ಪಲ್ಸ್ ಸರ್ಕ್ಯೂಟಿನ ರೆಸಿಸ್ಟರುಗಳಲ್ಲಿ ಆಗುವ ಶಾಖ? ಸರಿಯಾದ 50 ಓಮ್ ಲೋಡಿಗೆ ಅದು 125 ಮಿಲಿವ್ಯಾಟ್ ಇರುತ್ತದೆ. ಅಲೆ ವಾಪಸ್ ಬಂದ ಮೇಲೆ ಸ್ಕೋಪಿನ ವೋಲ್ಟೇಜಿನಿಂದ ಲೆಕ್ಕ ಹಾಕಿದರೆ, 100 ಓಮ್ ಲೋಡಿಗೆ ಸುಮಾರು 56ಕ್ಕೆ ಇಳಿಯಿತು. 25ಕ್ಕೆ 222ಕ್ಕೆ ಏರಿತು. ವಾಪಸ್ ಬಂದ ಪವರ್ ಒಂದೇ, ಶಾಖ ಮಾತ್ರ ಒಂದರಲ್ಲಿ ಅರ್ಧಕ್ಕಿಂತ ಕಡಿಮೆ, ಇನ್ನೊಂದರಲ್ಲಿ ಹೆಚ್ಚುಕಡಿಮೆ ಎರಡು ಪಟ್ಟು. ಹಾಗಾದರೆ ಶಾಖಕ್ಕೆ ಕಾರಣ ಆ 14 ಮಿಲಿವ್ಯಾಟ್ ಅಲ್ಲ. ಕೇಬಲಿನ ಈ ತುದಿಯಲ್ಲಿ ಸೆಟ್ಟಿಗೆ ಎಷ್ಟು ಓಮ್ ಕಾಣುತ್ತಿದೆ ಅನ್ನುವುದು.

ಹಾಗಂತ ಎಸ್‌ಡಬ್ಲ್ಯುಆರ್ ಬಗ್ಗೆ ಚಿಂತೆ ಬೇಡ ಅಂತಲ್ಲ. ತಪ್ಪು ಲೋಡ್ ಕಂಡರೆ ಔಟ್‌ಪುಟ್ ಟ್ರಾನ್ಸಿಸ್ಟರಿಗೆ ಕರೆಂಟೋ ವೋಲ್ಟೇಜೋ ಮಿತಿ ಮೀರಬಹುದು. ಸೆಟ್ ತಾನಾಗಿ ಪವರ್ ಇಳಿಸುವುದು ಅದಕ್ಕೇ.

ಮುಂದಿನ ವಾರ ಸೈನ್ ವೇವ್. 7.1 ಮೆಗಾಹರ್ಟ್ಸಿಗೆ ಆರ್‌ಜಿ-58ರಲ್ಲಿ ಕಾಲು ತರಂಗ ಅಂದರೆ 7 ಮೀಟರ್. ಅಷ್ಟುದ್ದ ಕತ್ತರಿಸಿ ಇಟ್ಟಿದ್ದೇನೆ. ಆ ತುದಿಯ 100 ಓಮ್ ಈ ತುದಿಯಲ್ಲಿ 25 ಆಗಿ ಕಾಣಬೇಕು.